ಪಿಸ್ತೂಲು ಸ್ಪರ್ಧೆಗೆ ಹೋಲ್‌ಸ್ಟರ್ ಆಯ್ಕೆ: ವೇಗಕ್ಕಿಂತ ಸುರಕ್ಷತೆ ಮುಂದು

ಪಿಸ್ತೂಲು ಸ್ಪರ್ಧೆ ಎಂದೊಡನೆ ಭಾರತೀಯರಿಗೆ ನೆನಪಾಗುವುದು ಒಲಿಂಪಿಕ್ಸ್ ಅಂಗಳ. 2012ರ ಲಂಡನ್ ಕ್ರೀಡಾಕೂಟದಲ್ಲಿ ವಿಜಯ್ ಕುಮಾರ್ ಗಳಿಸಿದ ಬೆಳ್ಳಿ, 2024ರ ಪ್ಯಾರಿಸ್ ಕ್ರೀಡಾಕೂಟದಲ್ಲಿ ಮನು ಭಾಕರ್ ಗಳಿಸಿದ ಎರಡು ಕಂಚು ಎಲ್ಲರಿಗೂ ತಿಳಿದ ಸಂಗತಿ. ಆ ಸ್ಪರ್ಧೆಗಳಲ್ಲಿ ಪಿಸ್ತೂಲು ಆರಂಭದಿಂದಲೇ ಸ್ಪರ್ಧಿಯ ಕೈಯಲ್ಲಿರುತ್ತದೆ. ಆದರೆ ಓಡುತ್ತಾ, ಬಾಗುತ್ತಾ, ಮರೆಯಿಂದ ಇಣುಕುತ್ತಾ ಗುರಿಗಳನ್ನು ಹೊಡೆಯುವ ಇನ್ನೊಂದು ಬಗೆಯ ಕ್ರೀಡೆಯೂ ಜಗತ್ತಿನ ಹಲವು ದೇಶಗಳಲ್ಲಿ ಬೇರೂರಿದೆ. ‘ಪ್ರಾಕ್ಟಿಕಲ್ ಶೂಟಿಂಗ್’ ಎಂಬ ಹೆಸರಿನ ಈ ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟ ಐಪಿಎಸ್‌ಸಿ ಸ್ಥಾಪನೆಯಾದದ್ದು 1976ರಲ್ಲಿ, ಅಮೆರಿಕದ ಮಿಸ್ಸೌರಿ ರಾಜ್ಯದ ಕೊಲಂಬಿಯಾ ನಗರದಲ್ಲಿ.

ಇಲ್ಲಿ ಪಿಸ್ತೂಲು ಸಾಮಾನ್ಯವಾಗಿ ಸೊಂಟದ ಹೋಲ್‌ಸ್ಟರ್‌ನಲ್ಲಿರುತ್ತದೆ. ಗಡಿಯಾರದ ಸದ್ದು ಕೇಳಿದ ಬಳಿಕವೇ ಅದನ್ನು ಹೊರತೆಗೆಯಬೇಕು. ಆದ್ದರಿಂದ ಖಡ್ಗಕ್ಕೆ ಒರೆ ಇದ್ದಂತೆ ಈ ಕ್ರೀಡೆಯಲ್ಲಿ ಹೋಲ್‌ಸ್ಟರ್ ಪಿಸ್ತೂಲಿನಷ್ಟೇ ಮುಖ್ಯವಾದ ಸಲಕರಣೆ.

ವೇಗದ ಆಮಿಷ

ಅಂಕಗಳನ್ನು ತೆಗೆದುಕೊಂಡ ಸಮಯದಿಂದ ಭಾಗಿಸಿ ಫಲಿತಾಂಶ ನಿರ್ಧರಿಸುವುದು ಇಲ್ಲಿಯ ಕ್ರಮ. ಒಬ್ಬ ಸ್ಪರ್ಧಿ ಆರು ಗುಂಡುಗಳಿಂದ 30 ಅಂಕಗಳನ್ನು 3 ಸೆಕೆಂಡುಗಳಲ್ಲಿ ಗಳಿಸಿದರೆ ಅವನ ಗಣನೆ 10. ಅದನ್ನೇ 2.8 ಸೆಕೆಂಡುಗಳಲ್ಲಿ ಮುಗಿಸಿದರೆ 10.71. ಸೆಕೆಂಡಿನ ಐದನೆಯ ಒಂದು ಭಾಗವೂ ಸ್ಥಾನವನ್ನು ಬದಲಿಸಬಲ್ಲದು. ಹೊಸಬರು ಬೇಗನೆ ಬಿಚ್ಚಿಕೊಳ್ಳುವ, ಸಡಿಲವಾದ ಹೋಲ್‌ಸ್ಟರ್‌ಗೆ ಮಾರುಹೋಗುವುದು ಇದೇ ಕಾರಣದಿಂದ.

ಆದರೆ ಓಟದ ನಡುವೆ ಪಿಸ್ತೂಲು ನೆಲಕ್ಕೆ ಬಿದ್ದರೆ ಸ್ಪರ್ಧಿ ಆ ಪಂದ್ಯದಿಂದಲೇ ಅನರ್ಹ. ಹೊರತೆಗೆಯುವಾಗ ಗುಂಡು ಸಿಡಿದು ಕಾಲ ಬಳಿ ನೆಲಕ್ಕೆ ಬಡಿದರೂ ಅದೇ ಗತಿ. ಉಳಿಸಿಕೊಂಡ ಐದನೆಯ ಒಂದು ಸೆಕೆಂಡು ಆಗ ಯಾವ ಉಪಯೋಗಕ್ಕೂ ಬಾರದು. ದೇಹಕ್ಕೆ ಆಗಬಹುದಾದ ಅಪಾಯವಂತೂ ಅಂಕಗಳ ಲೆಕ್ಕಕ್ಕೆ ಮೀರಿದ್ದು.

ಮೊದಲು ನಿಯಮ, ಬಳಿಕ ಖರೀದಿ

ಪಿಸ್ತೂಲು ಒಳಗಿರುವಾಗ ಟ್ರಿಗರ್‌ಗೆ ಬೆರಳಾಗಲಿ ಬೇರಾವ ವಸ್ತುವಾಗಲಿ ತಾಗದಂತೆ ಹೋಲ್‌ಸ್ಟರ್ ತಡೆಯಬೇಕೆಂಬುದು ಮೂಲ ನಿಯಮ. ಜೋರಾಗಿ ಚಲಿಸಿದರೂ ಪಿಸ್ತೂಲು ಜಾರಬಾರದು. ಹೆಗಲಿಗೆ ತೂಗುಹಾಕುವ ಮತ್ತು ತೊಡೆಗೆ ಕಟ್ಟುವ ಮಾದರಿಗಳಿಗೆ ಸಾಮಾನ್ಯ ಸ್ಪರ್ಧಿಗಳಿಗೆ ಅನುಮತಿಯಿಲ್ಲ.

ವಿಭಾಗದಿಂದ ವಿಭಾಗಕ್ಕೆ ನಿಯಮ ಬೇರೆಯಾಗುತ್ತದೆ. ಪ್ರೊಡಕ್ಷನ್ ವಿಭಾಗದಲ್ಲಿ ಪಿಸ್ತೂಲು ಸೊಂಟದ ಮೂಳೆಯ ಹಿಂದಿರಬೇಕು. ಬೆಲ್ಟಿನಿಂದ 50 ಮಿಲಿಮೀಟರ್‌ಗಿಂತ ದೂರ ಚಾಚಿರಬಾರದು. ಓಪನ್ ವಿಭಾಗದಲ್ಲಿ ಈ ಕಟ್ಟುಪಾಡಿಲ್ಲ. ಅಲ್ಲಿ ಟ್ರಿಗರ್ ಸುತ್ತಲಿನ ಕಾವಲುಬಳೆಯನ್ನಷ್ಟೇ ಹಿಡಿದಿಡುವ, ಬೀಗದ ಸನ್ನೆಯುಳ್ಳ ‘ರೇಸ್ ಹೋಲ್‌ಸ್ಟರ್’ ಜನಪ್ರಿಯ. ಅಮೆರಿಕದಲ್ಲಿ 1996ರಲ್ಲಿ ಹುಟ್ಟಿದ ಐಡಿಪಿಎ ಸಂಸ್ಥೆಯ ಪಂದ್ಯಗಳಲ್ಲಾದರೋ ಉಡುಪಿನ ಅಡಿಯಲ್ಲಿ ಮರೆಮಾಡಬಲ್ಲ, ನಿತ್ಯಬಳಕೆಯ ಹೋಲ್‌ಸ್ಟರ್‌ಗಳಿಗೇ ಮನ್ನಣೆ. ಹೀಗಾಗಿ ಯಾವ ಸಂಸ್ಥೆ, ಯಾವ ವಿಭಾಗ ಎಂಬುದನ್ನು ನಿಶ್ಚಯಿಸಿ, ಚಾಲ್ತಿಯಲ್ಲಿರುವ ನಿಯಮಪುಸ್ತಕವನ್ನು ಓದಿದ ಮೇಲಷ್ಟೇ ಹಣ ತೆರುವುದು ವಿವೇಕ.

ತೊಗಲೋ, ಪ್ಲಾಸ್ಟಿಕ್ಕೋ?

ತೊಗಲಿನ ಹೋಲ್‌ಸ್ಟರ್ ಮೈಗೆ ಹಿತ, ನೋಟಕ್ಕೆ ಚೆಂದ. ಆದರೆ ಬೆವರು, ತೇವಗಳಿಂದ ಅದು ಕಾಲಕ್ರಮೇಣ ಮೆದುವಾಗುತ್ತದೆ. ಬಾಯಿ ಒಳಕ್ಕೆ ಮಡಿಚಿಕೊಂಡರೆ, ಪಿಸ್ತೂಲನ್ನು ಮರಳಿ ಸೇರಿಸುವಾಗ ಆ ಮಡಿಕೆಯೇ ಟ್ರಿಗರ್ ಒತ್ತುವ ಅಪಾಯವಿದೆ. ಆದ್ದರಿಂದಲೇ ಇಂದಿನ ಸ್ಪರ್ಧಿಗಳಲ್ಲಿ ಹೆಚ್ಚಿನವರು ಕೈಡೆಕ್ಸ್‌ನಂಥ ಗಟ್ಟಿ ಪ್ಲಾಸ್ಟಿಕ್ಕನ್ನು ಆರಿಸುತ್ತಾರೆ. ವಿಮಾನದ ಒಳಾಂಗಣಕ್ಕೆಂದು ತಯಾರಾದ ಈ ಹಾಳೆಯನ್ನು ಕಾಯಿಸಿ, ಪಿಸ್ತೂಲಿನ ಆಕಾರಕ್ಕೆ ಒತ್ತಿದರೆ ಅದು ಹಾಗೆಯೇ ನಿಲ್ಲುತ್ತದೆ. ಬಾಯಿ ಸದಾ ತೆರೆದಿರುತ್ತದೆ. ಹಿಡಿತದ ಬಿಗಿಯನ್ನು ತಿರುಪಿನಿಂದ ಹೊಂದಿಸಬಹುದು.

ಎಲ್ಲ ಪಿಸ್ತೂಲಿಗೂ ಒಂದೇ ಎಂದು ಮಾರುವ ಬಟ್ಟೆಯ ಚೀಲಗಳಿಂದ ದೂರವಿರುವುದು ಲೇಸು. ಹೋಲ್‌ಸ್ಟರ್ ನಿರ್ದಿಷ್ಟ ಮಾದರಿಗೇ ಹೊಂದಬೇಕು. ಪಿಸ್ತೂಲಿನ ಮೇಲೆ ಕೆಂಪು ಚುಕ್ಕಿಯ ದರ್ಶಕವಿದ್ದರೆ ಅದಕ್ಕೆ ಎಡೆಯಿರಬೇಕು. ಬೆಲ್ಟ್ ಸಡಿಲವಾಗಿದ್ದರೆ ಎಂಥ ಹೋಲ್‌ಸ್ಟರ್ ಆದರೂ ವ್ಯರ್ಥ. ಎಳೆದಾಗ ಅದೂ ಪಿಸ್ತೂಲಿನ ಜೊತೆ ಮೇಲೇಳುತ್ತದೆ. ಒಳಗೊಂದು, ಹೊರಗೊಂದು ಪಟ್ಟಿಯಿದ್ದು ಪರಸ್ಪರ ಅಂಟಿಕೊಳ್ಳುವ ಗಟ್ಟಿ ಬೆಲ್ಟನ್ನು ಸ್ಪರ್ಧಿಗಳು ಬಳಸುವುದು ಇದಕ್ಕಾಗಿಯೇ.

ಕೊಳ್ಳುವ ಮುನ್ನ ಪರೀಕ್ಷೆ

ಗುಂಡಿಲ್ಲವೆಂದು ಎರಡೆರಡು ಬಾರಿ ಖಚಿತಪಡಿಸಿಕೊಂಡ ಪಿಸ್ತೂಲನ್ನು ಹೋಲ್‌ಸ್ಟರ್‌ನಲ್ಲಿಟ್ಟು ಓಡಬೇಕು, ಬಾಗಬೇಕು, ಮಂಡಿಯೂರಿ ಏಳಬೇಕು. ಅಲುಗಾಡಿದರೆ ಬಿಗಿ ಸಾಲದು. ಹೊರತೆಗೆಯಲು ಹೆಣಗಬೇಕಾದರೆ ಬಿಗಿ ಅತಿಯಾಯಿತು. ಮೊದಲ ಹಿಡಿತದಲ್ಲೇ ಇಡೀ ಅಂಗೈ ಪಿಸ್ತೂಲಿನ ಹಿಡಿಕೆಯ ಮೇಲೆ ಕೂರುವಂತಿರಬೇಕು. ಬೆರಳು ಟ್ರಿಗರ್‌ನಿಂದ ದೂರ, ನೇರವಾಗಿ ಉಳಿಯಬೇಕು.

ಹೊರತೆಗೆಯುವುದಕ್ಕೆ ಗಡಿಯಾರವುಂಟು, ಮರಳಿ ಇಡುವುದಕ್ಕಿಲ್ಲ. ಹೋಲ್‌ಸ್ಟರ್‌ನ ಬಾಯಿಯನ್ನು ಕಣ್ಣಾರೆ ನೋಡಿ, ಅಂಗಿಯ ಅಂಚು ಸಿಲುಕದಂತೆ ಸರಿಸಿ, ನಿಧಾನವಾಗಿ ಇಡುವವನು ಒಂದು ಅಂಕವನ್ನೂ ಕಳೆದುಕೊಳ್ಳುವುದಿಲ್ಲ. ಆ ನಿಧಾನಕ್ಕೆ ಅವಕಾಶ ಕೊಡುವ, ಓಟದಲ್ಲಿ ಪಿಸ್ತೂಲನ್ನು ಕೈಬಿಡದ ಹೋಲ್‌ಸ್ಟರ್ ದೊರೆತರೆ ಆಯ್ಕೆ ಸರಿಯಾಯಿತೆಂದೇ ಅರ್ಥ. ವೇಗವನ್ನು ಅಭ್ಯಾಸದಿಂದ ಗಳಿಸಿಕೊಳ್ಳಬಹುದು.