ಎಣ್ಣೆಬಾವಿಯ ಕೆಸರು

ಕಲ್ಲೆಣ್ಣೆಯ ಬಾವಿಯನ್ನು ತೋಡಲು ಉಕ್ಕಿನ ಬೈರಿಗೆಯೊಂದಿದ್ದರೆ ಸಾಕೆಂದು ಹಲವರು ಭಾವಿಸುವುದುಂಟು. ಬೈರಿಗೆಯಷ್ಟೇ ಮುಖ್ಯವಾದ ಇನ್ನೊಂದು ಸಾಧನವಿದೆ, ಅದು ಕೆಸರು. 1901ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಎಣ್ಣೆ ಚಿಮ್ಮಿದ ಸ್ಪಿಂಡಲ್‌ಟಾಪ್ ಬಾವಿಯನ್ನು ಕೊರೆದವರು, ಮರಳು ಕುಸಿಯದಂತೆ ತಡೆಯಲು ಹೊಂಡದ ನೀರಿನಲ್ಲಿ ದನಗಳನ್ನು ಓಡಾಡಿಸಿ ಕೆಸರು ಮಾಡಿಕೊಂಡರೆಂದು ಪ್ರತೀತಿ.

ಇಂದು ನೀರಿಗೆ ಬೆಂಟೊನೈಟ್ ಜೇಡಿಯನ್ನೂ, ಭಾರಕ್ಕಾಗಿ ಬೆರೈಟ್ ಪುಡಿಯನ್ನೂ ಬೆರೆಸುತ್ತಾರೆ. ಈ ಕೆಸರು ಟೊಳ್ಳು ಕೊಳವೆಯೊಳಗೆ ಇಳಿದು, ಬೈರಿಗೆಯ ತುದಿಯನ್ನು ತಣಿಸಿ, ಕಲ್ಲುಚೂರುಗಳನ್ನು ಹೊತ್ತು ಕೊಳವೆಯ ಹೊರಬದಿಯಿಂದ ಮೇಲೇರುತ್ತದೆ. ಭೂಗರ್ಭದ ಅನಿಲವನ್ನು ತನ್ನ ತೂಕದಿಂದ ಅದುಮಿ ಹಿಡಿಯುವುದೂ ಅದೇ. 3000 ಮೀಟರು ಆಳದಲ್ಲಿ ಬರಿಯ ನೀರಿನ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 290 ಪಟ್ಟು. ನೀರಿನ ಒಂದೂವರೆಯಷ್ಟು ಸಾಂದ್ರವಾದ ಕೆಸರಿನದು 435 ಪಟ್ಟು. 2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯ ಮಕಾಂಡೊ ಬಾವಿಯಲ್ಲಿ ತಳದ ಸಿಮೆಂಟು ಭದ್ರವಾಗಿರಲಿಲ್ಲ. ಭಾರವಾದ ಕೆಸರನ್ನು ತೆಗೆದು ಹಗುರಾದ ಕಡಲನೀರನ್ನು ತುಂಬುತ್ತಿದ್ದಾಗ ಅನಿಲ ಮೇಲಕ್ಕೆ ನುಗ್ಗಿ ಸ್ಫೋಟಿಸಿತು. 11 ಮಂದಿ ಮಡಿದರು.

ಇಷ್ಟು ಉಪಕಾರಿಯಾದ ಕೆಸರಿನ ನೀರೇ ಒಮ್ಮೊಮ್ಮೆ ಶತ್ರುವಾಗುತ್ತದೆ. ಜೇಡಿಯಿಂದಾದ ಷೇಲ್ ಎಂಬ ಪದರುಗಲ್ಲು ನೀರು ಕುಡಿದು ಉಬ್ಬಿ ಬಿರಿಯುವುದುಂಟು. ಆಗ ಗೋಡೆ ಕುಸಿದು ಕೊಳವೆ ಸಿಕ್ಕಿಕೊಳ್ಳುತ್ತದೆ. ಎಣ್ಣೆಯಲ್ಲಿ ಕಲಸಿದ ಕೆಸರಿಗೆ ಈ ದೋಷ ಬಹುಮಟ್ಟಿಗೆ ಇಲ್ಲ. ಆದರೆ ಅದು ದುಬಾರಿ, ಅದರ ಕಸವು ನೆಲಜಲಗಳಿಗೆ ಕೇಡು. ಆದುದರಿಂದ ನೀರಿನ ಕೆಸರನ್ನೇ ತಿದ್ದಬೇಕಾಗಿದೆ.

ಮರಳುಗಲ್ಲಿನ ರಂಧ್ರಗಳ ಬಾಯಲ್ಲಿ ಜೇಡಿಕಣಗಳು ಪೊರೆಗಟ್ಟಿ ನೀರನ್ನು ತಡೆಯುತ್ತವೆ. ಷೇಲಿನ ರಂಧ್ರಗಳಾದರೋ ಕೆಲವು ಹತ್ತು ನ್ಯಾನೋಮೀಟರುಗಳಷ್ಟೇ ಅಗಲ. ನ್ಯಾನೋಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು. ಅವನ್ನು ಬೆರೈಟಿನ ಕಣದಿಂದ ಮುಚ್ಚುವುದೆಂದರೆ ಜರಡಿಯ ಕಣ್ಣಿಗೆ ತೆಂಗಿನಕಾಯಿಯನ್ನು ಬಿರಡೆ ಮಾಡಿದಂತೆ! ತಕ್ಕ ಬಿರಡೆಯೆಂದರೆ ಸಿಲಿಕದ ನ್ಯಾನೋಕಣ. ಇಂಥ ಕಣಗಳನ್ನು ಬೆರೆಸಿದರೆ ಷೇಲಿನೊಳಕ್ಕೆ ನುಸುಳುವ ನೀರು ಬಹಳ ಕಡಮೆಯಾಗುವುದೆಂದು 2009ರಲ್ಲಿ ಆಸ್ಟಿನ್ನಿನ ಟೆಕ್ಸಾಸ್ ವಿಶ್ವವಿದ್ಯಾನಿಲಯದ ಸಂಶೋಧಕರು ತೋರಿಸಿದರು.

ಆದರೆ ತೊಡಕೊಂದುಂಟು. ಕಣ ಕಿರಿದಾದಷ್ಟೂ, ಗಾತ್ರಕ್ಕೆ ಹೋಲಿಸಿದರೆ, ಅದರ ಮೇಲ್ಮೈ ಹೆಚ್ಚು. ಉಪ್ಪುನೀರಿನಲ್ಲಿ ಇಂಥ ಕಣಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಗಂಟು ರಂಧ್ರಕ್ಕೆ ಹೊಂದದು. ಇಲ್ಲಿ ನೆರವಾಗುವುವು ಸಾಬೂನಿನ ಬಂಧುಗಳಾದ ಸರ್ಫ್ಯಾಕ್ಟಂಟುಗಳು. ಇವುಗಳ ಅಣುವಿನ ಒಂದು ತುದಿಗೆ ನೀರು ಪ್ರಿಯ, ಇನ್ನೊಂದಕ್ಕೆ ಅಪ್ರಿಯ. ತಕ್ಕವನ್ನು ಆರಿಸಿದರೆ ಅವು ಕಣಗಳಿಗೆ ಹೊದಿಕೆಯಾಗಿ ಅವನ್ನು ದೂರದೂರವಿರಿಸುತ್ತವೆ. ಉಕ್ಕಿನ ಮೇಲೆ ಪೊರೆಗಟ್ಟಿ ಘರ್ಷಣೆಯನ್ನೂ ತಗ್ಗಿಸಬಲ್ಲವು. ಪ್ರಮಾಣ ಮೀರಿದರೆ ಮಾತ್ರ ಕೆಸರು ನೊರೆಯೆದ್ದು ಹಗುರಾಗುತ್ತದೆ. ಹಗುರಾದ ಕೆಸರು ಅನಿಲವನ್ನು ತಡೆಯಲಾರದೆಂಬುದನ್ನು ಆಗಲೇ ನೋಡಿದೆವು. ಬಿರಡೆ ಎಷ್ಟು, ಸಾಬೂನು ಎಷ್ಟು ಎಂಬ ಲೆಕ್ಕವು ಹೀಗೆ ಬಾವಿಯ ಮೇಲೆ ದುಡಿಯುವವರ ಪ್ರಾಣದ ಲೆಕ್ಕವೂ ಆಗಿದೆ.