ಕತ್ತರಿ ಸಿಕ್ಕಿತ್ತು, ಕತ್ತರಿಸಿದ್ದೇನು?

ಹೆಪಟೈಟಿಸ್ ಸಿ ವೈರಸ್ 1989ರಲ್ಲಿ ಪತ್ತೆಯಾಯಿತು. ಜೀವಕೋಶದೊಳಗೆ ಅದು ಸುಮಾರು 3,000 ಅಮೈನೋ ಆಮ್ಲಗಳ ಒಂದೇ ಉದ್ದನೆಯ ಪ್ರೋಟೀನ್ ಸರಪಳಿಯನ್ನು ಕಟ್ಟಿಸಿಕೊಂಡು, ಆಮೇಲೆ ಅದನ್ನು ತುಂಡರಿಸಿ ತನಗೆ ಬೇಕಾದ ಭಾಗಗಳನ್ನು ಮಾಡಿಕೊಳ್ಳುತ್ತದೆ. ಈ ಕತ್ತರಿಸುವ ಕೆಲಸದ ಒಂದು ದೊಡ್ಡ ಪಾಲು ಎನ್‌ಎಸ್3/4ಎ ಎಂಬ ವೈರಸ್ಸಿನದೇ ಕಿಣ್ವದ್ದು. ಬಹಳ ಕಾಲ ಅದರ ಕೆಲಸ ಅಷ್ಟೇ ಎಂದು ತಿಳಿಯಲಾಗಿತ್ತು.

2003ರಲ್ಲಿ ಟೆಕ್ಸಾಸಿನ ಮೈಕೆಲ್ ಗೇಲ್, ಸ್ಟ್ಯಾನ್ಲಿ ಲೆಮನ್ ಮತ್ತು ಸಂಗಡಿಗರು ಬೇರೆಯದೇ ಒಂದು ಸಂಗತಿ ಕಂಡರು. ವೈರಸ್ ನುಗ್ಗಿದರೆ ಜೀವಕೋಶ ಐಆರ್‌ಎಫ್-3 ಎಂಬ ಪ್ರೋಟೀನನ್ನು ಎಚ್ಚರಿಸಿ, ವೈರಸ್ಸನ್ನು ತಡೆಯುವ ಇಂಟರ್‌ಫೆರಾನ್ ತಯಾರಿಸಬೇಕು. ಎನ್‌ಎಸ್3/4ಎ ಇದ್ದ ಕೋಶಗಳಲ್ಲಿ ಐಆರ್‌ಎಫ್-3 ಏಳಲೇ ಇಲ್ಲ. ಕಿಣ್ವವನ್ನು ತಡೆಯುವ ಔಷಧ ಹಾಕಿದರೆ ಎದ್ದಿತು! ಹಾಗಾದರೆ ಕಿಣ್ವ ನಮ್ಮದೇ ಯಾವುದೋ ಪ್ರೋಟೀನನ್ನು ಕತ್ತರಿಸುತ್ತಿರಬೇಕು. ಯಾವುದನ್ನು? ಐಆರ್‌ಎಫ್-3 ಇಡಿಯಾಗಿಯೇ ಇತ್ತು. ಮರುವರ್ಷ ಜಪಾನಿನ ತಕಾಶಿ ಫುಜಿತಾ ತಂಡ, ವೈರಸ್ಸಿನ ಆರ್‌ಎನ್‌ಎಯನ್ನು ಗುರುತಿಸುವ ರಿಗ್-ಐ ಎಂಬ ಕಾವಲುಗಾರ ಪ್ರೋಟೀನನ್ನು ತೋರಿಸಿಕೊಟ್ಟಿತು. ಅದಕ್ಕೂ ಕತ್ತರಿ ತಾಗಿರಲಿಲ್ಲ.

ಕತ್ತರಿಗೆ ಸಿಕ್ಕಿದ ಪ್ರೋಟೀನನ್ನು ಆಗಿನ್ನೂ ಯಾರೂ ಕಂಡುಹಿಡಿದಿರಲಿಲ್ಲ. ಈ ಕತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇದೇ. ವಿಜ್ಞಾನಿಗಳ ನಕ್ಷೆಯಲ್ಲಿ ಖಾಲಿಯಿದ್ದ ಜಾಗಕ್ಕೆ ವೈರಸ್ ಆಗಲೇ ಹೋಗಿಬಂದಿತ್ತು.

2005ರಲ್ಲಿ ಜಗತ್ತಿನ ನಾಲ್ಕು ತಂಡಗಳು ಬಹುತೇಕ ಒಟ್ಟಿಗೇ ಆ ಜಾಗ ಮುಟ್ಟಿದವು. ಒಂದೇ ಪ್ರೋಟೀನಿಗೆ ನಾಲ್ಕು ಹೆಸರಿಟ್ಟವು. ಡಲ್ಲಾಸಿನ ಝಿಜಿಯಾನ್ ಚೆನ್ ಇಟ್ಟ 'ಮ್ಯಾವ್ಸ್' ಹೆಚ್ಚು ಬಳಕೆಗೆ ಬಂತು. ಅದು ಇದ್ದ ಸ್ಥಳ ಯಾರೂ ಎಣಿಸದ್ದು: ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಹೊರಪೊರೆ. ರಿಗ್-ಐ ತಂದ ಸುದ್ದಿ ಅಲ್ಲಿಂದಲೇ ಮುಂದಕ್ಕೆ ಹೋಗುತ್ತಿತ್ತು. ಉಳಿದ ಒಗಟನ್ನು ಲೊಸಾನಿನ ಯುರ್ಗ್ ಚೋಪ್ ತಂಡವೂ ಚೆನ್ ತಂಡವೂ ಬಿಡಿಸಿದವು. 540 ಅಮೈನೋ ಆಮ್ಲಗಳ ಈ ಪ್ರೋಟೀನನ್ನು ಎನ್‌ಎಸ್3/4ಎ 508ನೆಯ ಅಮೈನೋ ಆಮ್ಲವಾದ ಸಿಸ್ಟೀನಿನ ಬಳಿ, ಪೊರೆಗೆ ಅಂಟಿಕೊಂಡ ಬಾಲದ ಸಮೀಪ, ಕತ್ತರಿಸುತ್ತದೆ. ಬುಡ ಕೊಯ್ದ ಬಳ್ಳಿಯಂತೆ ಮೇಲಿನ ಭಾಗ ಮುಕ್ಕಾಗದೆ ಉಳಿಯುತ್ತದೆ, ಆದರೆ ನೆಲೆ ತಪ್ಪಿ ಸಂದೇಶ ಸಾಗಿಸಲಾರದೆ ಹೋಗುತ್ತದೆ. ಆ ಒಂದು ಸಿಸ್ಟೀನನ್ನು ಬದಲಿಸಿದ ಮ್ಯಾವ್ಸ್ ಮೇಲೆ ಕತ್ತರಿ ನಡೆಯಲಿಲ್ಲ. ಇಷ್ಟು ಚೊಕ್ಕವಾದ ಸಾಕ್ಷ್ಯ ಜೀವವಿಜ್ಞಾನದಲ್ಲಿ ಅಪರೂಪ. 2006ರಲ್ಲಿ ಸೋಂಕಿತರ ಯಕೃತ್ತಿನ ಕೋಶಗಳಲ್ಲೂ ಮ್ಯಾವ್ಸ್ ತನ್ನ ಜಾಗ ಬಿಟ್ಟಿದ್ದು ಕಂಡಿತು.

ಹೆಪಟೈಟಿಸ್ ಸಿ ದೇಹದಲ್ಲಿ ವರ್ಷಗಟ್ಟಲೆ ಉಳಿಯುವುದಕ್ಕೆ ಇದೇ ಕಾರಣ ಎಂದು ಆಗ ಅನ್ನಿಸಿದ್ದು ಸಹಜ. ಆದರೆ 2007ರಲ್ಲಿ ಲೆಮನ್ ತಂಡವೇ ಇನ್ನೊಂದನ್ನು ತೋರಿಸಿತು. ಹೆಪಟೈಟಿಸ್ ಎ ವೈರಸ್ ಬೇರೆ ಕುಟುಂಬದ್ದು. ಅದೂ ಮ್ಯಾವ್ಸ್ ಅನ್ನು, ಬೇರೊಂದು ಕಡೆ, ಕತ್ತರಿಸುತ್ತದೆ. ಆದರೂ ಅದರ ಸೋಂಕು ಹೆಪಟೈಟಿಸ್ ಸಿ ಹಾಗೆ ದೇಹದಲ್ಲಿ ನೆಲೆಯೂರುವುದಿಲ್ಲ. ಸಂದೇಶದ ದಾರಿ ಕಡಿದರಷ್ಟೇ ವೈರಸ್ ಬೀಡುಬಿಡಲು ಸಾಲದು.