'ಕಂಡೋಲ್' ಯಾರ ಜೊತೆ?

ಚರ್ಚುಗಳಿಂದ ನಮಗೆ ಬರುವ ಇಂಗ್ಲಿಷ್ ವರದಿಗಳಲ್ಲಿ 'ಕಂಡೋಲ್ಡ್ ದ ಡೆತ್ ಆಫ್' ಎಂದು ಬರೆದು ಮೃತರ ಹೆಸರು ಹಾಕಿರುವುದನ್ನು ಆಗಾಗ ಕಾಣುತ್ತೇವೆ. ತಿದ್ದಿದರೆ, "ಫಾದರ್, ಪೇಪರಿನಲ್ಲಿ ಹೀಗೆಯೇ ಬರುತ್ತದಲ್ಲ?" ಎಂದು ಕೇಳುವವರಿದ್ದಾರೆ. ಬರುತ್ತದೆ, ನಿಜ. ನಮ್ಮ ದೇಶದ ಇಂಗ್ಲಿಷ್ ಪತ್ರಿಕೆಗಳಲ್ಲಿ ಅದು ರೂಢಿಯಾಗಿಬಿಟ್ಟಿದೆ. ಆದರೆ ಇಂದಿನ ಶಿಷ್ಟ ಇಂಗ್ಲಿಷಿನಲ್ಲಿ ಈ ಕ್ರಿಯಾಪದದ ನಂತರ 'ವಿತ್' ಬೇಕು. ಯಾರ ಜೊತೆ ಎಂಬುದು ಮೊದಲು, ಯಾವುದಕ್ಕಾಗಿ ಎಂಬುದು ಆಮೇಲೆ: 'ವಿ ಕಂಡೋಲ್ ವಿತ್ ದ ಫ್ಯಾಮಿಲಿ ಆನ್ ದ ಡೆತ್ ಆಫ್ ದೇರ್ ಮದರ್.'

ಪದದ ಮೂಲ ಲತೀನ್. 'ಕೊನ್' ಎಂದರೆ ಜೊತೆ, 'ದೊಲೇರೆ' ಎಂದರೆ ನೋಯುವುದು. ಸೆಪ್ಟೆಂಬರ್ 15ರಂದು ನಾವು ಸ್ಮರಿಸುವ ವ್ಯಾಕುಲ ಮಾತೆಗೆ 'ಮಾತೆರ್ ದೊಲೊರೋಸಾ' ಎಂಬ ಹೆಸರು ಬಂದದ್ದೂ ಇದೇ ಬೇರಿನಿಂದ. ಹಿಬ್ರಿಯರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಪ್ರಧಾನಯಾಜಕನು ದಾರಿ ತಪ್ಪಿದವರೊಡನೆ ಹೇಗಿರಬೇಕೆಂದು ಹೇಳುವಲ್ಲಿ ಹಳೆಯ ಲತೀನ್ ಬೈಬಲ್ 'ಕೊಂದೊಲೇರೆ' ಎಂಬ ಪದವನ್ನೇ ಇಟ್ಟಿದೆ. ಜೊತೆಗೆ ನೋಯಲು ಎದುರಿಗೆ ಒಬ್ಬ ಮನುಷ್ಯ ಬೇಕು. ಸಾವಿನ ಜೊತೆ ಸೇರಿ ನೋಯಲಾಗುವುದಿಲ್ಲ.

ತಪ್ಪು ಎಲ್ಲಿಂದ ಬರುತ್ತದೆ? ಬಹುಶಃ ನಮ್ಮ ಭಾಷೆಯಿಂದಲೇ. ಕನ್ನಡದಲ್ಲಿ 'ನಿಧನಕ್ಕೆ ಸಂತಾಪ' ಎನ್ನುತ್ತೇವೆ. ಅದು ಸರಿಯಾದ ಕನ್ನಡ. ಅದನ್ನೇ ಇಂಗ್ಲಿಷಿಗೆ ಹೊತ್ತೊಯ್ದಾಗ 'ವಿತ್' ಬಿದ್ದುಹೋಗುತ್ತದೆ. ಹಾಗೆಂದು ಬರೆದವರನ್ನು ನಗಬೇಕಿಲ್ಲ. ಶೇಕ್ಸ್‌ಪಿಯರ್ ಕೂಡ 'ಐದನೇ ಹೆನ್ರಿ' ನಾಟಕದಲ್ಲಿ ಈ ಪದವನ್ನು 'ವಿತ್' ಇಲ್ಲದೆ ಬಳಸಿದ್ದಾನೆ. ಆ ಬಳಕೆ ಇಂಗ್ಲಿಷಿನಲ್ಲಿ ಹಳತಾಯಿತು, ಅಷ್ಟೇ.

'ಕನ್ಸೋಲ್' ಬೇರೆ. ಅದು ದುಃಖ ಇಳಿಸುವ ಕೆಲಸ, ಸಾಂತ್ವನ. ಅದಕ್ಕೆ 'ವಿತ್' ಬೇಡ. 'ಕಂಡೋನ್' ಎಂದಂತೂ ಬರೆಯಲೇಬೇಡಿ. ತಪ್ಪನ್ನು ಕಂಡೂ ಕಾಣದಂತೆ ಬಿಟ್ಟುಬಿಡುವುದು ಎಂದಾಗುತ್ತದೆ! ಒಂದೇ ಅಕ್ಷರದ ವ್ಯತ್ಯಾಸ.

ಒಮ್ಮೆ ಪಾಲನಾ ಮಂಡಳಿಯೊಂದರ ಸಂತಾಪ ನಿರ್ಣಯ ಪ್ರಕಟಣೆಗೆ ಬಂದಿತ್ತು. ಮೃತರು ಯಾವ ಯಾವ ಸಂಘಗಳ ಪದಾಧಿಕಾರಿಯಾಗಿದ್ದರು ಎಂಬುದೆಲ್ಲ ಇತ್ತು. ಹೆಂಡತಿ ಮಕ್ಕಳ ಸುದ್ದಿಯೇ ಇರಲಿಲ್ಲ. ಕಾರ್ಯದರ್ಶಿಯವರಿಗೆ ಫೋನ್ ಮಾಡಿ, "ಇಲ್ಲಿ 'ವಿತ್' ಬರಬೇಕು, ಯಾರ ಜೊತೆ ಎಂದು ಹೇಳಿ" ಎಂದೆವು. ಅವರಿಗೆ ಮಕ್ಕಳ ಹೆಸರು ಗೊತ್ತಿರಲಿಲ್ಲ. ವಾಳೆಯ ಗುರಿಕಾರರನ್ನು ಕೇಳಿ, ಸಂಜೆ ತಿಳಿಸಿದರು.